ಕಿತ್ತಳೆ ಬಣ್ಣದ ತೊಟ್ಟಿಲು

ಅಣ್ಣ ಅಕ್ರಿಲಿಕ್ ಬಣ್ಣವನ್ನು ಪಾಪದ ಬಣ್ಣ ಎನ್ನುತ್ತಿದ್ದ.

"ಆಯಿಲ್ ಪೇಂಟಿನ ಥರ ನಾತ ಇಲ್ಲ, ಟರ್ಪೆಂಟೈನ್ ಬೇಡ. ನೀರಲ್ಲಿ ಕಲಸು, ನೀರಲ್ಲೇ ಕೈ ತೊಳ್ಕೋ. ಯಾರ ತಂಟೆಗೂ ಹೋಗಲ್ಲ ಇದು, ಪಾಪ."

"ಪಾಪದ್ದು ಅನ್ಬೇಡಿ, ಎರಡರ್ಥ ಬರುತ್ತೆ," ಎಂದು ಅತ್ತಿಗೆ ನಗುತ್ತಿದ್ದರು.

ಅವರಿಗೆ ದಿನ ತುಂಬುತ್ತಾ ಬಂದಿತ್ತು. ಕೆಮಿಸ್ಟ್ರಿ ಡಿಗ್ರಿ ಮುಗಿಸಿ ಮನೆಯಲ್ಲಿ ಸುಮ್ಮನೆ ಕೂತಿದ್ದ ನಾನು ಸಹಾಯಕ್ಕೆಂದು ಬಂದಿದ್ದೆ. ಅಣ್ಣ ಚಿತ್ರ ಬರೆಯುವ ಕೋಣೆಗೂ ಅತ್ತಿಗೆ ಮಲಗುವ ಕೋಣೆಗೂ ನಡುವೆ ಬಾಗಿಲಿರಲಿಲ್ಲ. ಒಂದು ತೆಳು ಪರದೆ ಇತ್ತು, ಅಷ್ಟೇ.

ಹಳೆಯ ಮರದ ತೊಟ್ಟಿಲೊಂದನ್ನು ಕೊಂಡು ತಂದ ಅಣ್ಣ, ತನ್ನಲ್ಲಿದ್ದ ಅತಿ ಒಳ್ಳೆಯ ಟ್ಯೂಬನ್ನೇ ಅದಕ್ಕೆ ಹಿಂಡಿದ. ಕ್ಯಾಡ್ಮಿಯಂ ಕಿತ್ತಳೆ. ಬಳಿದಾಗ ಹಾಲು ಬೆರೆಸಿದಂತಿದ್ದ ಬಣ್ಣ, ನೋಡನೋಡುತ್ತ ಗಾಢವಾಗತೊಡಗಿತು.

"ಯಾಕ್ರೀ, ಕಪ್ಪಾಗ್ತಿದೆ?" ಅತ್ತಿಗೆಯ ದನಿ ಇಳಿದಿತ್ತು.

"ಇದರ ಅಂಟು ಹಸಿಯಿದ್ದಾಗ ಬೆಳ್ಳಗೆ, ಒಣಗಿದ್ರೆ ಗಾಜಿನ ಥರ. ಬಣ್ಣದ ನಿಜ ಮುಖ ಕಾಣೋದು ಒಣಗಿದ ಮೇಲೇನೇ."

ನಾನು ಟ್ಯೂಬು ತಿರುಗಿಸಿ ನೋಡುತ್ತಿದ್ದೆ. ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಇದರ ಪುಡಿಯನ್ನು ಉಸಿರಾಡಬಾರದು ಎಂದಿತ್ತು.

"ಅಣ್ಣ, ಕ್ಯಾಡ್ಮಿಯಂ ವಿಷದ ಲೋಹ. ಮಗು ಮಲಗೋ ಜಾಗಕ್ಕೆ ಇದು ಬೇಡ ಕಣೋ."

"ಇದರಲ್ಲಿ ಪುಡಿ ಎಲ್ಲಿದೆ ತೋರ್ಸು, ಪ್ರೊಫೆಸರಮ್ಮ! ಬೆಣ್ಣೆ ಬೆಣ್ಣೆ ಇದೆ. ಒಣಗಿದ ಮೇಲೆ ಪ್ಲಾಸ್ಟಿಕ್ಕು. ಮೇಲೆ ವಾರ್ನಿಷ್ ಬೇರೆ ಹೊಡೀತೀನಿ."

ಹೇಳಿದ್ದು ಸುಳ್ಳೇನಲ್ಲ. ಆದರೂ ರಾತ್ರಿಯೆಲ್ಲ ಪರದೆಯಾಚೆಗಿನ ಆ ಕಿತ್ತಳೆ ನನ್ನ ಕಣ್ಣೊಳಗೇ ಇತ್ತು.

ವಾರ ಕಳೆಯಿತು. ಕುಂಚದ ಗೆರೆಗಳು ಬಣ್ಣದಲ್ಲಿ ಏಣುಏಣಾಗಿ ನಿಂತುಬಿಟ್ಟಿದ್ದವು. ಅಣ್ಣ ಬೆರಳಾಡಿಸಿ, "ಎಳೆ ಕೈಗೆ ತರಚುತ್ತೆ," ಎಂದು ಗೊಣಗಿದ. ತನ್ನ ಚಿತ್ರಗಳನ್ನು ನುಣುಪು ಮಾಡುವಾಗ ಅವನು ಯಾವಾಗಲೂ ನೀರು ಚಿಮುಕಿಸಿ ಮರಳುಕಾಗದದಿಂದ ಉಜ್ಜುತ್ತಿದ್ದ. ಬಣ್ಣ ಕೆಸರಾಗಿ ಇಳಿಯುತ್ತಿತ್ತು. ಧೂಳಿನ ಮಾತೇ ಇರಲಿಲ್ಲ.

ಮಧ್ಯಾಹ್ನ ತರಕಾರಿ ತಂದು ಮೆಟ್ಟಿಲು ಹತ್ತುತ್ತಿದ್ದೆ. ಮೇಲಿಂದ ಸರ್ ಸರ್ ಎಂಬ ಸದ್ದು. ಒಣ ಸದ್ದು.

ಬಾಗಿಲು ತಳ್ಳಿದೆ. ಬೀದಿಯ ಧೂಳು ಬಂದೀತೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಗಾಜಿನಿಂದ ಬಿದ್ದ ಬಿಸಿಲುಕೋಲಿನಲ್ಲಿ ಕಿತ್ತಳೆ ಮಂಜು ನಿಧಾನವಾಗಿ ಸುತ್ತುತ್ತಿತ್ತು. ಅಣ್ಣನ ಹುಬ್ಬುಗಳೂ ಕಿತ್ತಳೆ. ತೊಟ್ಟಿಲಿನ ಈಚೆ ಬದಿಗೆ ಅತ್ತಿಗೆ, ಅವರ ಕೈಯಲ್ಲೂ ಒಂದು ತುಂಡು ಮರಳುಕಾಗದ. ಸಂದಿಯಲ್ಲಿ ಕೂತ ಪುಡಿಯನ್ನು ಬಗ್ಗಿ ಉಫ್ ಎಂದು ಊದಿ, ಮತ್ತೆ ದೀರ್ಘವಾಗಿ ಉಸಿರೆಳೆದುಕೊಂಡರು.

"ಬಾ ಸೋದರತ್ತೆ, ಮುಟ್ಟಿ ನೋಡು. ಮಗು ಕೆನ್ನೆ ಥರ ಆಗಿದೆ."

"ಅತ್ತಿಗೆ, ಮೂಗು ಬಾಯಿ ಮುಚ್ಕೊಳ್ಳಿ! ಏಳಿ, ಆಚೆ ಬನ್ನಿ!" ಚೀಲ ಅಲ್ಲೇ ಬಿಟ್ಟು ಕಿಟಕಿ ತೆರೆದೆ. "ಅಣ್ಣ, ನೀರು ಯಾಕೆ ಹಾಕ್ಲಿಲ್ಲ?"

"ಹಳೇ ಮರ ಕಣೇ, ನೀರು ಕುಡಿದ್ರೆ ಉಬ್ಬುತ್ತೆ. ಅದಕ್ಕೆ ಒಣದೇ... ಏನೀಗ? ನೀರಿನ ಬಣ್ಣ ತಾನೇ..." ಅವನ ಕಣ್ಣು ನೆಲಕ್ಕೆ ಹೋಯಿತು. ಅಲ್ಲಿ, ಹಿಟ್ಟಿಗಿಂತ ನುಣ್ಣಗೆ, ಎಲ್ಲಿದೆ ತೋರಿಸು ಎಂದು ಅವನು ಅಂದು ನನ್ನನ್ನು ಕೇಳಿದ್ದ ಪುಡಿ ಬಿದ್ದಿತ್ತು. ಅದರ ನಡುವೆ, ಅತ್ತಿಗೆ ಕೂತಿದ್ದ ಜಾಗ ಮಾತ್ರ ಖಾಲಿ.

ಅವನು ಪೊರಕೆಗೆ ಕೈ ಹಾಕಿದ.

"ಗುಡಿಸ್ಬೇಡ. ಮತ್ತೆ ಏಳುತ್ತೆ. ಒದ್ದೆ ಬಟ್ಟೆ ತಗೋ."

ಅತ್ತಿಗೆ ಬಚ್ಚಲಲ್ಲಿ ಮೂಗು ಸೀಟಿದರು. ಕರವಸ್ತ್ರ ಬಿಡಿಸಿ ನೋಡಿ, ನನಗೆ ಕಾಣದಂತೆ ಮಡಿಚಿದರು. "ಒಳಗೆ ಎಷ್ಟು ಹೋಗಿರಬಹುದು?"

"ಗೊತ್ತಿಲ್ಲ ಅತ್ತಿಗೆ. ಈಗ್ಲೇ ಡಾಕ್ಟರ ಹತ್ರ ಹೋಗೋಣ."

"ಬೆಳಿಗ್ಗೆಯಿಂದ ಒದೀತಿತ್ತು," ಎಂದರು ಹೊಟ್ಟೆಯ ಮೇಲೆ ಅಂಗೈ ಇಟ್ಟು. "ಈಗ ನಿದ್ದೆ ಮಾಡ್ತಿದೆ ಅನ್ಸುತ್ತೆ." ಅಂಗೈ ಅಲ್ಲೇ ಇತ್ತು, ಕಾಯುತ್ತ.

ಅಣ್ಣ ಬೋಗುಣಿಯಲ್ಲಿ ಕೈ ಅದ್ದಿ ಉಜ್ಜುತ್ತಿದ್ದ. ಯಾವಾಗಲೂ ನೀರಿನಲ್ಲಿ ಬಿಟ್ಟುಹೋಗುತ್ತಿದ್ದ ಬಣ್ಣ ಈಗ ಕರಗಲಿಲ್ಲ. ತಳಕ್ಕಿಳಿದು, ಕಣ್ಣು ಬಿಟ್ಟಂತೆ ಕೂತಿತು.

"ಪಾಪದ್ದು ಅಂತಿದ್ದೆ," ಎಂದ.

ಯಾರೂ ನಗಲಿಲ್ಲ. ಮೆಟ್ಟಿಲಿಳಿಯುವಾಗ ಅತ್ತಿಗೆ ಒಮ್ಮೆ ಕೆಮ್ಮಿದರು. ಅಣ್ಣನೂ ನಾನೂ ಒಟ್ಟಿಗೇ ನಿಂತುಬಿಟ್ಟೆವು, ಇನ್ನೊಂದು ಬರುತ್ತದೇನೋ ಎಂದು ಕಿವಿಗೊಟ್ಟು.