ತಳದ ಗೆರೆ

ಬೆಳಿಗ್ಗೆ ಹತ್ತೂವರೆಗೆ ಹಲ್ಲಿನ ಡಾಕ್ಟರು ಪೆಟ್ರೋಲ್ ಟ್ಯಾಂಕೊಂದನ್ನು ಹಳೇ ಟವೆಲಿನಲ್ಲಿ ಸುತ್ತಿ ತಂದು ಅಕ್ಕನ ಕೆಲಸದ ಮೇಜಿನ ಮೇಲಿಟ್ಟರು. ಟ್ಯಾಂಕು ಖಾಲಿಯಾಗಿತ್ತು. ಆದರೂ ಅದರ ವಾಸನೆಗೆ, ಕಿಟಕಿಯ ಬಳಿ ಮಲಗಿದ್ದ ಬೆಕ್ಕು ಎದ್ದು ಹೊರಗೆ ಹೋಯಿತು.

"ನಿಮ್ಮ ಟ್ಯಾಂಕು ನೀವೇ ಇಟ್ಕೊಳ್ಳಿ. ನಿನ್ನೆ ನಾನು, ನನ್ನ ಹೆಂಡತಿ ಇಬ್ರೂ ಸುಟ್ಟು ಹೋಗ್ಬೇಕಾಗಿತ್ತು," ಎಂದರು ಡಾಕ್ಟರು.

ಅಕ್ಕ ಎಮರಿ ಪೇಪರನ್ನು ಕೆಳಗಿಟ್ಟು ಟವೆಲು ಬಿಚ್ಚಿದಳು. ತಳದ ಅಂಚಿನುದ್ದಕ್ಕೂ ಕೆಂಪು ಬಣ್ಣ ಗುಳ್ಳೆಯೆದ್ದು ಸುಲಿದುಹೋಗಿತ್ತು. ಕಲ್ಲಿನಂತಿರಬೇಕಾದ ಜಾಗ ಹೆಬ್ಬೆರಳಿನಲ್ಲಿ ಒತ್ತಿದರೆ ಹಳೇ ಚಪ್ಪಲಿಯ ಹಿಮ್ಮಡಿಯಂತೆ ಒಳಗೆ ಹೋಗುತ್ತಿತ್ತು.

ಡಾಕ್ಟರು ನಿಂತುಕೊಂಡೇ ಹೇಳಿದರು. ಸಿಗ್ನಲ್ಲಿನಲ್ಲಿ ಬೈಕು ನಿಲ್ಲಿಸಿದಾಗ ತೊಡೆ ತಣ್ಣಗಾಗಿದೆ. ಬಗ್ಗಿ ನೋಡಿದರೆ ಪೆಟ್ರೋಲು ಪ್ಯಾಂಟನ್ನು ನೆನೆಸಿ, ಕಾದ ಎಂಜಿನ್ನಿನ ಮೇಲೆ ಚುರ್‍ರೆಂದು ಬೀಳುತ್ತಿದೆ. ಪಕ್ಕದಲ್ಲಿ ಸ್ಕೂಟರಿನವನೊಬ್ಬ ಸಿಗರೇಟು ಸೇದುತ್ತ ನಿಂತಿದ್ದಾನೆ.

"ಅವಳು ಹಿಂದಿನಿಂದ ಇಳಿದವಳೇ ಬಸ್ಸು ಹತ್ತಿ ಮನೆಗೆ ಹೋದ್ಲು. ಇನ್ನೂ ನನ್ನ ಹತ್ರ ಮಾತಾಡಿಲ್ಲ."

"ಡಾಕ್ಟ್ರೇ, ಇದು ನಮ್ಮದಲ್ಲ. ನಾವು ಟ್ಯಾಂಕು ಮಾಡೋದು ಬಿಟ್ಟು ವರ್ಷಗಳಾದ್ವು."

"ಫೈಬರಕ್ಕನ ಟ್ಯಾಂಕು, ಕಣ್ಮುಚ್ಚಿ ತಗೊಳ್ಳಿ ಅಂತ ಕೊಟ್ಟ ಆ ಕಮಿಷನ್."

ಹಳೇ ಬೈಕುಗಳ ದಲ್ಲಾಳಿಯನ್ನು ಊರೆಲ್ಲ ಕಮಿಷನ್ ಎಂದೇ ಕರೆಯುತ್ತಿತ್ತು.

"ಅವನ ಮಾತಿಗೆ ಕಣ್ಮುಚ್ಚಿದ್ದು ನಿಮ್ಮ ತಪ್ಪು," ಎಂದಳು ಅಕ್ಕ.

"ಅವನ ಮಾತಿಗಲ್ಲಮ್ಮ. ನಿಮ್ಮ ಹೆಸರಿಗೆ."

ಕಂಪನಿ ಮುಚ್ಚಿ ಎಷ್ಟೋ ಕಾಲವಾದ ಬ್ರಿಟಿಷ್ ಬೈಕುಗಳಿಗೆ ಮಡ್‌ಗಾರ್ಡು, ಸೈಡ್ ಪ್ಯಾನಲ್ಲು, ಸೀಟಿನ ಹಿಂದಿನ ಗೂನು, ಇವನ್ನೆಲ್ಲ ಫೈಬರ್ ಗ್ಲಾಸಿನಲ್ಲಿ ಮಾಡಿಕೊಡುವ ಷೆಡ್ಡು ಅದು. ಅಪ್ಪ ಶುರುಮಾಡಿದ್ದು; ಅವನು ಹೋದ ಮೇಲೆ ಅಕ್ಕ, ತಮ್ಮ ಸೇರಿ ನಡೆಸುತ್ತಿದ್ದರು. ಒಂದು ಕಾಲಕ್ಕೆ ಷೆಡ್ಡಿಗೆ ಹೆಸರು ತಂದುಕೊಟ್ಟದ್ದೇ ಟ್ಯಾಂಕು. ಆದರೆ ಬಂಕುಗಳಲ್ಲಿ ಪೆಟ್ರೋಲಿಗೆ ಎಥೆನಾಲ್ ಬೆರೆಸತೊಡಗಿದ ಮೇಲೆ ಫೈಬರನ್ನು ಹಿಡಿದಿಡುವ ರೆಸಿನ್ ಒಳಗೆ ಕರಗಿ ಅಂಟಾಗಿ ಕಾರ್ಬ್ಯುರೇಟರಿಗೆ ಇಳಿಯುತ್ತಿತ್ತು. ಅಂಥದೊಂದು ಟ್ಯಾಂಕು ವಾಪಸು ಬಂದ ದಿನವೇ ಅಕ್ಕ ನಿರ್ಧರಿಸಿದ್ದಳು: ಪೆಟ್ರೋಲು ತುಂಬುವ ಯಾವುದನ್ನೂ ಈ ಷೆಡ್ಡು ಮಾಡುವುದಿಲ್ಲ. ಕೇಳಿಕೊಂಡು ಬಂದವರನ್ನು ತಗಡಿನ ಟ್ಯಾಂಕು ಮಾಡುವ ವೆಲ್ಡರನ ಹತ್ತಿರ ಕಳಿಸುತ್ತಿದ್ದಳು. ತಮ್ಮ ಆಗ ತಕರಾರು ಮಾಡಿದ್ದ, ಆಮೇಲೆ ಸುಮ್ಮನಾಗಿದ್ದ.

ಯಾರೋ ಷೆಡ್ಡಿನ ಹಳೇ ಟ್ಯಾಂಕೊಂದರ ಮೇಲೆಯೇ ಅಚ್ಚು ತೆಗೆದು ನಕಲು ಮಾಡಿರಬೇಕು ಎಂದುಕೊಂಡು ಅಕ್ಕ ಟ್ಯಾಂಕನ್ನು ಮಗುಚಿದಳು. ತಳದಲ್ಲಿ ಅಪ್ಪನ ಗುರುತಿರುವ ಜಾಗವನ್ನು ನುಣ್ಣಗೆ ಉಜ್ಜಿ ಅಳಿಸಿದ್ದರು. ಅದರ ಆಚೆ, ಬೈಕಿನ ಕಂಬಿ ಕೂರುವ ತಗ್ಗಿನಲ್ಲಿ, ಕೂದಲೆಳೆಯಷ್ಟು ಉಬ್ಬಿದ ಗೆರೆಯೊಂದು ಓರೆಯಾಗಿ ಹೋಗಿತ್ತು.

ಅಕ್ಕ ಅದರ ಮೇಲೆ ಉಗುರು ಎಳೆದಳು. ಇನ್ನೊಮ್ಮೆ ಎಳೆದಳು.

ಟ್ಯಾಂಕಿನ ಅಚ್ಚನ್ನು ಅಟ್ಟಕ್ಕೇರಿಸುವ ದಿನ ಏಣಿಯ ಮೇಲಿಂದ ಅದು ಅವಳ ಕೈಜಾರಿ ಬಿದ್ದು, ಸರಿಯಾಗಿ ಆ ತಗ್ಗಿನಲ್ಲೇ ಸೀಳು ಬಿಟ್ಟಿತ್ತು. ಅಚ್ಚಿನಲ್ಲಿ ಸೀಳಿದ್ದರೆ ಅದರಿಂದ ತೆಗೆದ ಟ್ಯಾಂಕಿನ ಮೇಲೆ ಉಬ್ಬುಗೆರೆ ಮೂಡುತ್ತದೆ. ಅಂದರೆ ಇದು ಹಳೇ ಟ್ಯಾಂಕಿನ ನಕಲಲ್ಲ, ಷೆಡ್ಡಿನದೇ ಅಚ್ಚಿನದು. ಅದೂ ಅಚ್ಚು ಅಟ್ಟ ಸೇರಿದ ಮೇಲೆ ಮಾಡಿದ್ದು. ಅಟ್ಟದಲ್ಲಿ ಅದಿರುವುದು ಇಬ್ಬರಿಗೆ ಮಾತ್ರ ಗೊತ್ತಿತ್ತು.

"ಡಾಕ್ಟ್ರೇ," ಎಂದಳು ಅಕ್ಕ. "ಇದು ನಮ್ಮದೇ."

ಡಾಕ್ಟರು ಅವಳ ಮುಖವನ್ನೂ ಟ್ಯಾಂಕನ್ನೂ ನೋಡಿದರು. ಜಗಳಕ್ಕೆ ತಯಾರಾಗಿ ಬಂದಿದ್ದವರು ಈಗ ಏನು ಮಾಡಬೇಕೆಂದು ತಿಳಿಯದೆ ಟವೆಲನ್ನು ಮಡಚತೊಡಗಿದರು.

"ನಮ್ಮಲ್ಲೂ ಹೀಗೇ ಬಿಡಿ. ಅಚ್ಚು ತಪ್ಪಿದ್ರೆ ಕಟ್ಟಿದ ಹಲ್ಲು ಬಾಯೊಳಗೆ ಕೂತು ಹೇಳಿಬಿಡುತ್ತೆ."

ಅವರು ಹೋದ ಮೇಲೆ ಅಕ್ಕ ಏಣಿ ಹಾಕಿ ಅಟ್ಟ ಹತ್ತಿದಳು. ಗೋಣಿಯ ಗಂಟು ಇಟ್ಟಲ್ಲೇ ಇತ್ತು. ಕಟ್ಟಿದ ಹಗ್ಗವೂ ಅದೇ. ಬಿಚ್ಚಿದರೆ ಒಳಗೆ ಎರಡು ಮುರುಕಲು ಮಡ್‌ಗಾರ್ಡಿನ ಅಚ್ಚುಗಳು ಒಂದಕ್ಕೊಂದು ಬೆನ್ನು ಹಾಕಿ ಮಲಗಿದ್ದವು. ಹೊರಗಿನಿಂದ ನೋಡಿದರೆ ಟ್ಯಾಂಕಿನಷ್ಟೇ ಗಾತ್ರ ಕಾಣಲಿ ಎಂದು ನಡುವೆ ಹಳೇ ದಿಂಬೊಂದನ್ನು ತುರುಕಲಾಗಿತ್ತು. ಆ ದಿಂಬನ್ನು ಕಂಡಾಗ ಅವಳಿಗೆ ಮೈಯೆಲ್ಲ ಉರಿಯಿತು. ಕದ್ದದ್ದಕ್ಕಿಂತ ಇಷ್ಟು ಅಚ್ಚುಕಟ್ಟಾಗಿ ಕಣ್ಣಿಗೆ ಮಣ್ಣೆರಚಿದ್ದಾನಲ್ಲ ಎಂದು.

ತಮ್ಮ ರೆಸಿನ್ ಡಬ್ಬ ಹೊತ್ತುಕೊಂಡು ಬಂದಾಗ ದಿಂಬು ಮೇಜಿನ ಮೇಲೆ, ಟ್ಯಾಂಕಿನ ಪಕ್ಕದಲ್ಲಿತ್ತು. ಅವನು ಎರಡನ್ನೂ ನೋಡಿ ಡಬ್ಬವನ್ನು ಮೆಲ್ಲಗೆ ಕೆಳಗಿಟ್ಟ.

"ಎಷ್ಟು ಮಾಡಿದೆ?"

"ಅಕ್ಕಾ, ಮೊದ್ಲು ನಾನು ಹೇಳೋದು ಕೇಳು."

"ಎಷ್ಟು ಮಾಡಿದೆ ಅಂದೆ."

"ಮೂರು."

"ಎಲ್ಲಿ?"

"ಮಾವನ ಮನೆ ಹಿತ್ತಿಲಲ್ಲಿ." ಅವನು ಕುರ್ಚಿ ಎಳೆದುಕೊಂಡ, ಕೂರಲಿಲ್ಲ. "ನೀನು ಹೆದರಿ ನಿಲ್ಲಿಸಿದ್ದು ಹಳೇ ರೆಸಿನ್ ನೋಡಿ. ಈಗ ಬರೋದು ಬೇರೆ. ಎಥೆನಾಲ್‌ಗೆ ಜಗ್ಗಲ್ಲ. ಸುಮ್ನೆ ಮಾಡಿಲ್ಲ ನಾನು, ಪರೀಕ್ಷೆ ಮಾಡಿದ್ದೀನಿ. ಒಂದು ತುಂಡನ್ನ ಜಾಡಿಯೊಳಗೆ ಪೆಟ್ರೋಲಲ್ಲಿ ಮುಳುಗಿಸಿ ಇಡೀ ಬೇಸಿಗೆ ಇಟ್ಟಿದ್ದೆ. ತೆಗೆದು ಸುತ್ತಿಗೇಲಿ ಹೊಡೆದೆ. ಠಣ್ ಅಂತು."

ಅವನ ದನಿಯಲ್ಲಿ ಹೆಮ್ಮೆಯಿತ್ತು. ಅದನ್ನು ಕೇಳಿ ಅಕ್ಕನಿಗೆ ಇನ್ನಷ್ಟು ಸಿಟ್ಟು ಬಂತು. ಅವಳು ಟ್ಯಾಂಕನ್ನು ಅವನತ್ತ ತಳ್ಳಿದಳು.

"ಇಲ್ಲಿ ಒತ್ತು."

ಅವನು ಪಕ್ಕವನ್ನು ಒತ್ತಿದ. ಗಟ್ಟಿಯಾಗಿತ್ತು. ಮೇಲ್ಭಾಗವನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಅದೂ ಗಟ್ಟಿ. "ನೋಡು" ಎನ್ನಲು ಬಾಯಿ ತೆರೆದ.

"ಅಂಚಲ್ಲಿ ಒತ್ತೋ."

ಮೇಲ್ಭಾಗ, ತಳ ಎರಡನ್ನೂ ಬೇರೆಬೇರೆ ಮಾಡಿ ಕೊನೆಗೆ ಕೂಡಿಸಿ ಅಂಟಿಸುವ ಅಂಚು ಅದು. ಅಲ್ಲಿ ಅವನ ಬೆರಳು ಒಳಗೆ ಹೋಯಿತು. ಅವನು ಕೈ ಹಿಂತೆಗೆದು ಬೆರಳ ತುದಿಗೆ ಮೆತ್ತಿದ್ದ ಅಂಟನ್ನು ನೋಡಿದ.

"ತುಂಡನ್ನ ಜಾಡೀಲಿ ಹಾಕಿದೆ. ಅಂಟನ್ನ ಹಾಕಿದ್ಯಾ?"

ತಮ್ಮ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಯಾವುದರಲ್ಲಿ ಕೂಡಿಸಿದೆ? ಮಡ್‌ಗಾರ್ಡಿಗೆ ಹಾಕೋ ಪುಟ್ಟಿ ತಾನೇ? ಮುಚ್ಚಿದ ಮೇಲೆ ಒಳಗಡೆ ಕೈ ಹೋಗಲ್ಲ, ಕಣ್ಣೂ ಹೋಗಲ್ಲ. ಆ ಕೆಲಸ ಇಷ್ಟು ವರ್ಷ ಯಾರು ಮಾಡ್ತಿದ್ರು ಈ ಮನೇಲಿ?"

"ನೀನು."

"ನನ್ನ ಕೇಳ್ಬಾರದಾಗಿತ್ತಾ?"

"ಕೇಳಿದ್ರೆ ಮಾಡ್ಬೇಡ ಅಂತಿದ್ದೆ." ಈಗ ಅವನ ದನಿಯೂ ಏರಿತು. "ಅಪ್ಪ ಮಾಡಿದ್ರಲ್ಲಿ ಕಣ್ಣು ತಾಗೋಂಥದ್ದು ಅದೊಂದೇ. ಅದನ್ನ ಗೋಣೀಲಿ ಸುತ್ತಿ ಅಟ್ಟಕ್ಕೆ ಎಸೆದೆ. ಜೀವನಪೂರ್ತಿ ಕೆಸರು ತಡೆಯೋ ತಗಡಿನ ನಕಲು ಮಾಡ್ಕೊಂಡು ಕೂತಿರು ಅಂದ್ರೆ ಕೂತಿರಬೇಕಾ ನಾನು? ಇದು ಒಳ್ಳೇ ಟ್ಯಾಂಕು ಅಕ್ಕ. ಕೂಡಿಸಿದ ಜಾಗ ಒಂದು ಬಿಟ್ರೆ."

"ಅವರಿಬ್ರೂ ಉರಿದು ಹೋಗಿದ್ರೂ ಹಾಗೇ ಹೇಳ್ತಿದ್ದೆ. ಒಂದು ಜಾಗ ಬಿಟ್ರೆ ಅಂತ."

ಅವನು ಕೂತುಬಿಟ್ಟ.

ಉಳಿದೆರಡನ್ನೂ ಕಮಿಷನ್‌ಗೇ ಕೊಟ್ಟಿದ್ದ. ಕೊಂಡವರು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಅಕ್ಕ ಅವನೆದುರೇ ಫೋನು ಮಾಡಿದಳು.

"ಓಹೋ, ಫೈಬರಕ್ಕ. ಏನಪ್ಪಾ ಇವತ್ತು ನಮ್ಮ ನೆನಪು," ಎಂದ ಕಮಿಷನ್. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. "ಡಾಕ್ಟ್ರು ಸ್ವಲ್ಪ ಪುಕ್ಕಲು ಅಕ್ಕ. ಮಿಕ್ಕವರು ಯಾರೂ ಒಂದು ಮಾತು ಆಡಿಲ್ಲ."

"ಅವರ ನಂಬರು ಕೊಡು. ಓಡಿಸಬೇಡಿ ಅಂತ ನಾನು ಹೇಳ್ತೀನಿ."

"ಹೇಳಿ ಏನ್ಮಾಡ್ತೀರಿ? ಫೈಬರಕ್ಕನ ಟ್ಯಾಂಕು ಉರಿಯುತ್ತೆ ಅಂತ ಒಂದ್ಸಲ ಬಾಯಿಂದ ಬಾಯಿಗೆ ಬಿದ್ರೆ ನಾಳೆ ನಿಮ್ಮ ಮಡ್‌ಗಾರ್ಡನ್ನೂ ಯಾರೂ ಮೂಸಿ ನೋಡಲ್ಲ. ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

"ನನ್ನ ಒಳ್ಳೇದು ನಿನ್ನ ಬಾಯಲ್ಲಿ ಬರೋದು ಬೇಡ. ನಂಬರು ಕೊಡು."

ಕಮಿಷನ್ ನಕ್ಕು ಫೋನಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ.

ಅಕ್ಕ ಫೋನನ್ನು ಮೇಜಿನ ಮೇಲೆ ಕುಕ್ಕಿದಳು. "ಅಚ್ಚು ತಗೊಂಡು ಬಾ."

"ಯಾಕೆ?"

"ತಗೊಂಡು ಬಾ ಅಂದೆ."

ಮಧ್ಯಾಹ್ನ ಅವನು ಅಚ್ಚನ್ನು ಸ್ಕೂಟರಿನ ಮುಂದೆ ಕಾಲುಗಳ ನಡುವೆ ನಿಲ್ಲಿಸಿಕೊಂಡು ತಂದ. ಎರಡು ಹೋಳು, ಅಂಚಿಗೆ ಬೋಲ್ಟುಗಳು. ಒಳಮೈಗೆ ಮೇಣ ತಿಕ್ಕಿ ತಿಕ್ಕಿ ಮುಖ ಕಾಣುವಷ್ಟು ಹೊಳಪು ತರಿಸಿದ್ದ. ಅವಳೂ ಅಷ್ಟು ಚೆನ್ನಾಗಿ ಇಟ್ಟುಕೊಂಡಿರಲಿಲ್ಲ. ಅಪ್ಪ ಯಾರದೋ ಬೈಕಿನ ಮೂಲ ಟ್ಯಾಂಕನ್ನು ಕೈಕಾಲು ಹಿಡಿದು ಎರವಲು ತಂದು ಅದರ ಮೇಲೆ ಈ ಅಚ್ಚು ತೆಗೆದಿದ್ದ. ಆ ಬೈಕು ಆಮೇಲೆ ಯಾವ ದೇಶಕ್ಕೆ ಹೋಯಿತೋ ಗೊತ್ತಿರಲಿಲ್ಲ. ಇದು ಹೋದರೆ ಇನ್ನೊಂದು ಸಿಗುವುದಿಲ್ಲ.

ಅವಳು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಗ್ರೈಂಡರನ್ನು ಕೈಗೆತ್ತಿಕೊಂಡಾಗ ತಮ್ಮ ಎದ್ದು ನಿಂತ.

"ಅಕ್ಕ, ಅಪ್ಪಂದು ಅದು."

"ಗೊತ್ತು."

"ಬೀಗ ಹಾಕಿಡು. ಬೀಗದ ಕೈ ನೀನೇ ಇಟ್ಕೋ. ನಾನು ಕೇಳಲ್ಲ."

"ಆ ಗೋಣಿಗೆ ಹಗ್ಗಾನೂ ನಾನೇ ಕಟ್ಟಿದ್ದೆ," ಎಂದು ಅವಳು ಗ್ರೈಂಡರ್ ಚಾಲೂ ಮಾಡಿದಳು.

ಅಚ್ಚು ಸುಲಭವಾಗಿ ತುಂಡಾಗಲಿಲ್ಲ. ಅಪ್ಪ ಒಂದರ ಮೇಲೊಂದು ಗಾಜುನಾರಿನ ಮ್ಯಾಟ್ ಹಾಕಿ ಗೋಡೆಯ ಹಾಗೆ ಕಟ್ಟಿದ್ದ. ಬಿಳಿ ಧೂಳು ಷೆಡ್ಡಿನ ತುಂಬ ಎದ್ದಿತು. ತೋಳು, ಕುತ್ತಿಗೆ ನವೆಯಾಗಿ ಚುಚ್ಚತೊಡಗಿತು. ಅವಳು ನಿಲ್ಲಿಸಲಿಲ್ಲ. ತಮ್ಮನ ಮೇಲಿನ ಸಿಟ್ಟು, ಕಮಿಷನ್‌ನ ನಗು, ಸಾಯುವ ತನಕ ಅಂಗಡಿಯ ಹೆಸರು ಹೆಸರು ಎಂದ ಅಪ್ಪ, ಎಲ್ಲವೂ ಆ ಚಕ್ರದಡಿಯಲ್ಲಿ ಕಿರುಚುತ್ತಿದ್ದವು. ತಮ್ಮ ಗೋಡೆಗೆ ಮುಖ ಮಾಡಿ ನಿಂತಿದ್ದ. ಕೊನೆಯ ಹೋಳು ಬಿದ್ದಾಗಲೂ ತಿರುಗಲಿಲ್ಲ.

ಭಾನುವಾರ ಬೆಳಿಗ್ಗೆ ಹಳೇ ಬೈಕಿನವರೆಲ್ಲ ಊರಾಚೆಯ ಚಹಾದಂಗಡಿಯ ಮುಂದೆ ಸೇರುತ್ತಾರೆ. ಏಳು ಗಂಟೆಗೆ ಅಕ್ಕ ಅಲ್ಲಿದ್ದಳು. ತಮ್ಮನನ್ನು ಕರೆದಿರಲಿಲ್ಲ; ಅವನೇ ಹಿಂದೆ ಬಂದಿದ್ದ. ಕಮಿಷನ್ ದೂರದಿಂದಲೇ ಅವಳನ್ನು ಕಂಡು ಗಾಡಿ ತಿರುಗಿಸಿದ.

ಅವಳು ಡಾಕ್ಟರ ಟ್ಯಾಂಕನ್ನು ಚಹಾದ ಮೇಜಿನ ಮೇಲಿಟ್ಟಳು. "ಇದು ನಮ್ಮ ಷೆಡ್ಡಿನದೇ. ಸೋರುತ್ತೆ, ಬೆಂಕಿ ಹತ್ತುತ್ತೆ. ಇಂಥವು ಇನ್ನೂ ಎರಡಿವೆ. ಯಾರ ಹತ್ರ ಇದೆ ಹೇಳಿ, ಈಗಲೇ ಬಿಚ್ಚಿಕೊಡ್ತೀವಿ."

ಒಂದಿಬ್ಬರು ಲೋಟ ಕೆಳಗಿಟ್ಟರು. "ನಿಮ್ಮದು ಅಂದ್ರೆ ಕಣ್ಮುಚ್ಚಿ ತಗೋತಿದ್ವಲ್ಲ ಅಕ್ಕ," ಎಂದ ಒಬ್ಬ. ಇನ್ನೊಬ್ಬ ತನ್ನ ಬೈಕಿನ ಸೈಡ್ ಪ್ಯಾನಲ್ಲನ್ನು ತಟ್ಟಿ, "ಇದೂ ಉರಿಯುತ್ತಾ?" ಎಂದು ಕೇಳಿದ. ಕೆಲವರು ನಕ್ಕರು. ತಮ್ಮ ಮುಂದೆ ಬಂದು, "ಅಕ್ಕ ಮಾಡಿದ್ದಲ್ಲ, ನಾನು ಮಾಡಿದ್ದು," ಎಂದ. ಯಾರು ಮಾಡಿದ್ದು ಎಂಬುದು ಅಲ್ಲಿದ್ದವರಿಗೆ ಬೇಕಿರಲಿಲ್ಲ.

ಕೊನೆಗೆ ಹಿಂದೆ ನಿಂತಿದ್ದ ಡ್ರಾಯಿಂಗ್ ಮೇಷ್ಟ್ರು, "ನನ್ನದು ಕಮಿಷನ್ ಹತ್ರಾನೇ ತಗೊಂಡಿದ್ದು," ಎಂದರು. ತಮ್ಮ ನೆಲದ ಮೇಲೆ ಅಂಗಾತ ಮಲಗಿ ಬೈಕಿನ ಕೆಳಗೆ ಕೈ ಹಾಕಿದ. ಅಂಚು ಆಗಲೇ ಮೆತ್ತಗಾಗಿತ್ತು.

ಪೆಟ್ರೋಲನ್ನು ಕ್ಯಾನಿಗೆ ಬಸಿದು ಟ್ಯಾಂಕು ಬಿಚ್ಚಿದರು. ಟ್ಯಾಂಕಿಲ್ಲದ ಬೈಕನ್ನು ಮೇಷ್ಟ್ರ ಮನೆಯವರೆಗೂ ತಮ್ಮನೇ ತಳ್ಳಿದ. ಅಕ್ಕ ಟ್ಯಾಂಕನ್ನು ಕಂಕುಳಲ್ಲಿ ಇರುಕಿಕೊಂಡು ರಸ್ತೆಯ ಇನ್ನೊಂದು ಬದಿಯಲ್ಲಿ ನಡೆದಳು.

ಮೂರನೆಯದನ್ನು ಕೊಂಡವನು ಆ ದಿನ ಬಂದಿರಲಿಲ್ಲ.