ಸಿಗಡಿ ಕಲಿಸಿದವರು

ಮದುವೆಯಾಗಿ ಇಪ್ಪತ್ತಾರು ವರ್ಷ. ಇಷ್ಟು ದಿನದಲ್ಲಿ ನನ್ನ ಗಂಡ ಅಡುಗೆಮನೆಗೆ ಬಂದದ್ದು ನೀರು ಕುಡಿಯಲು, ಇಲ್ಲವೇ “ಇನ್ನೂ ಆಗಿಲ್ವಾ?” ಎಂದು ಕೇಳಲು. ಅಂಥ ಮಹಾನುಭಾವ ಈ ಭಾನುವಾರ ಅರ್ಧ ಕಿಲೋ ಸಿಗಡಿ ತಂದು, ನನ್ನ ಏಪ್ರನ್ ಕಟ್ಟಿಕೊಂಡು, “ನೀನು ಕೂತ್ಕೋ. ಇವತ್ತು ಕೊರಿಯನ್ ಸ್ಟೈಲು, ಹತ್ತೇ ನಿಮಿಷ” ಅಂದರೆ ಎದೆ ಧಸಕ್ಕೆನ್ನದೆ ಇರುತ್ತದೆಯೇ?

ನಾನು ಕೂರಲಿಲ್ಲ. ಬಾಗಿಲಿಗೊರಗಿ ನಿಂತು ನೋಡಿದೆ. ಲಿಫ್ಟ್ ರಿಪೇರಿ ಮಾಡಿ ಮಾಡಿ ಒರಟಾದ ಬೆರಳುಗಳು ಅವು. ಆ ಬೆರಳುಗಳಲ್ಲಿ ಟೂತ್‌ಪಿಕ್ ಹಿಡಿದು, ಸಿಗಡಿಯ ಬೆನ್ನಿಗೆ ಚುಚ್ಚಿ, ಒಳಗಿನ ಕಪ್ಪು ನಾಳವನ್ನು ತುಂಡಾಗದಂತೆ ಎಳೆದು ತೆಗೆಯುತ್ತಿದ್ದರು. ಆಮೇಲೆ ತೊಳೆದು, ಒಂದೊಂದನ್ನೂ ಬಟ್ಟೆಯಲ್ಲಿ ಒತ್ತಿ ಒರೆಸಿದರು. ಸ್ನಾನ ಮಾಡಿ ತಮ್ಮ ತಲೆಯನ್ನೇ ಸರಿಯಾಗಿ ಒರೆಸಿಕೊಳ್ಳದ ಮನುಷ್ಯ!

“ಅದನ್ನ ಒರೆಸೋದ್ಯಾಕೆ?”

“ನೀರಿದ್ರೆ ಬೇಯುತ್ತೆ, ಹುರಿದ ಹಾಗಾಗಲ್ಲ ಅಂತ ಅವರು ಹೇಳಿದ್ರು.”

ಅವರು! ಗಂಡಸೋ ಹೆಂಗಸೋ, ಒಬ್ಬರೋ ಹತ್ತು ಜನವೋ, ಆ ಒಂದು ಮಾತಿನ ಮರೆಯಲ್ಲಿ ಯಾರು ಬೇಕಾದರೂ ಅಡಗಿ ಕೂರಬಹುದು.

“ಯಾರ್ರೀ ಅವರು?”

“ಕೆಲಸಕ್ಕೆ ಹೋಗೋ ಕಡೆ ಒಬ್ರು ಇದಾರೆ.”

“ಗಂಡಸಾ, ಹೆಂಗಸಾ?”

“ಅಡುಗೆಯವರು ಕಣೇ,” ಎಂದು ತಲೆ ತಗ್ಗಿಸಿ ಬೆಳ್ಳುಳ್ಳಿ ಜಜ್ಜತೊಡಗಿದರು.

ಮೂರು ತಿಂಗಳಿಂದ ಪ್ರತಿ ಗುರುವಾರ ತಡವಾಗಿ ಬರುವುದು, ಅಂಗಿಯಲ್ಲಿ ಗ್ರೀಸಿನ ಬದಲು ಎಳ್ಳೆಣ್ಣೆಯ ವಾಸನೆ, ಫೋನ್ ಬಂದರೆ ಬಾಲ್ಕನಿಗೆ ಓಟ. ಎಲ್ಲವೂ ತಾಳೆಯಾಯಿತು. ನನ್ನ ಸಂಸಾರ ಸಿಗಡಿ ಸಿಪ್ಪೆಯ ಜೊತೆ ಕಸದ ಬುಟ್ಟಿ ಸೇರುತ್ತಿದೆ ಅನ್ನಿಸಿತು.

ಅವರು ಬಟ್ಟಲಲ್ಲಿ ಕೊರಿಯಾದ ಕೆಂಪು ಮೆಣಸಿನ ಪೇಸ್ಟು, ಸೋಯಾ ಸಾಸು, ಒಂದು ಚಮಚ ಜೇನು ಕಲಸಿಟ್ಟರು. ಕಾದ ಬಾಣಲೆಗೆ ಬೆಳ್ಳುಳ್ಳಿ, ಹಿಂದೆಯೇ ಸಿಗಡಿ. ಚುರ್ ಎಂದಿತು. ಖುಷಿಯಲ್ಲಿ ಅವರ ಬಾಯಿ ಜಾರಿತು.

“ಅರ್ಧ ಚಂದ್ರನ ಹಾಗೆ ಬಾಗಿದ್ರೆ ಸಾಕು, ಪೂರ್ತಿ ಸುತ್ಕೊಂಡ್ರೆ ಕೆಟ್ಟಿತು ಅಂದ್ಳು.”

ಅಂದ್ಳು!

“ಹಾಂ, ಈಗ ಬಂತು ನೋಡಿ ನಿಜ! ಅವರು ಹೋಗಿ ಅವಳಾದ್ಲಾ? ಏಕವಚನದಲ್ಲಿ ಮಾತಾಡೋವಷ್ಟು ಸಲಿಗೆನಾ? ಯಾರ್ರೀ ಅವಳು? ಈಗಲೇ ಬೊಗಳಿ. ಇಲ್ಲಾಂದ್ರೆ ನಾನು ಈ ಮನೇಲಿ ಒಂದು ಕ್ಷಣ ಇರಲ್ಲ!”

ಸೌಟು ಹಿಡಿದು ನಿಂತೇಬಿಟ್ಟರು. ಅವರ ಕಣ್ಣು ತುಂಬಿದ್ದನ್ನು ಮೆಣಸಿನ ಘಾಟು ಅಂದುಕೊಂಡೆ.

“ಹೆತ್ತ ಮಗಳ್ನ ಅವರು, ಅವರು ಅಂತ ಹೇಳಿ ಹೇಳಿ ನನಗೂ ಸಾಕಾಯ್ತು ಕಣೇ.”

ಓದು ಬಿಟ್ಟು ಹೋಟೆಲ್ ಅಡುಗೆಮನೆ ಸೇರುತ್ತೇನೆ ಎಂದು ಮಗಳು ಹೊರಟ ದಿನ, “ಪಾತ್ರೆ ಉಜ್ಜೋಕೆ ನಿನ್ನ ಹೆತ್ತಿಲ್ಲ” ಎಂದು ಕೂಗಿದವಳು ನಾನು. ಅವಳ ಸುದ್ದಿ ಈ ಮನೆಯಲ್ಲಿ ಎತ್ತಕೂಡದು ಎಂದು ಗಂಡನಿಗೆ ಕಟ್ಟಪ್ಪಣೆ ಮಾಡಿದವಳೂ ನಾನೇ. ಎರಡು ವರ್ಷ ದಾಟಿತ್ತು.

“ಅವಳ ಹೋಟೆಲಲ್ಲಿ ಲಿಫ್ಟ್ ಕೆಟ್ಟಿತ್ತು, ಹೋದೆ. ಆಮೇಲಿಂದ ಗುರುವಾರ ಅವಳ ಕೆಲಸ ಮುಗಿಯೋವರೆಗೆ ಕೂತು ಬರ್ತೀನಿ. ನಿನಗೆ ಇದನ್ನ ತಿನ್ನಿಸ್ಬೇಕು ಅಂತ ಅವಳಿಗೆ ಆಸೆ. ಅವಳು ಕಲಿಸಿದ್ದು ಅಂದ್ರೆ ನೀನು ಬಾಯಿಗೇ ಇಡಲ್ಲ ಅಂತ…”

ನನ್ನ ಹೆದರಿಕೆಗೆ, ಹೆತ್ತ ಮಗಳು ಅಪ್ಪನ ಬಾಯಲ್ಲಿ ಹೊರಗಿನ ‘ಅವರು’ ಆಗಿಬಿಟ್ಟಿದ್ದಳು. ನಾಚಿಕೆಯಾಯಿತು.

ಅಷ್ಟರಲ್ಲಿ ಸಕ್ಕರೆ ಡಬ್ಬಿಯ ಹಿಂದಿನಿಂದ ಒಂದು ದನಿ ಬಂತು. ಫೋನು ಅಲ್ಲಿತ್ತು, ಕರೆ ನಡೆಯುತ್ತಲೇ ಇತ್ತು.

“ಅಪ್ಪಾ, ಜಗಳ ಆಮೇಲೆ. ಮೊದ್ಲು ಸ್ಟವ್ ಆರ್ಸು, ಸಿಗಡಿ ರಬ್ಬರ್ ಆಗುತ್ತೆ.”

ಅವರು ಅಲುಗಾಡಲಿಲ್ಲ. ನಾನೇ ಹೋಗಿ ಆರಿಸಿದೆ.

“ಆರಿಸ್ದೆ,” ಅಂದೆ.

ಆ ಕಡೆ ಮಗಳು ಉಸಿರು ಬಿಗಿಹಿಡಿದು ನಿಂತಿದ್ದಾಳೆ ಎಂದು ನನಗೆ ಗೊತ್ತಾಯಿತು. ನಾನು ಸಾಸಿನ ಬಟ್ಟಲು ಕೈಗೆತ್ತಿಕೊಂಡೆ.

“ಇದನ್ನ ಈಗ್ಲೇ ಸುರೀಲಾ? ನನಗೆ ಗೊತ್ತಿಲ್ಲ ಮಗಳೇ, ಹೇಳ್ಕೊಡು.”