ಹೊಸ ಡಬ್ಬಿಯೊಳಗಿನ ಹಳಬ

ನಾನು ಒಂದು ಬೇರಿಂಗ್. ಗಾಡಿಯ ಚಕ್ರ ಸಲೀಸಾಗಿ ತಿರುಗಲೆಂದು ನಡುವೆ ಕೂರುವ ಉಕ್ಕಿನ ಬಳೆ. ಕಾರ್ಖಾನೆಯ ಬೆಂಕಿಯಲ್ಲಿ ಕಾದು, ಎಣ್ಣೆಯಲ್ಲಿ ಮುಳುಗಿ ಹುಟ್ಟಿದವನು. ನನ್ನನ್ನು ಈಗ ಮೋಸಗಾರ ಎನ್ನುತ್ತಾರೆ. ಮೋಸ ಯಾರದ್ದು? ಕೇಳಿ, ಆಮೇಲೆ ಬೈಯಿರಿ.

ರಾಣೆಬೆನ್ನೂರಿನ ಮೆಕ್ಯಾನಿಕ್ ಮೌನೇಶಪ್ಪ ನನ್ನನ್ನು ಒಂದು ಹಾಲಿನ ಗಾಡಿಗೆ ಹಾಕಿದ. ಹಾಕುವ ಮುಂಚೆ, ಪಾತ್ರೆಗೆ ಹೆಸರು ಕೊರೆಯುವ ಮಶೀನಿನಿಂದ ತನ್ನ ಗುರುತಿಗೆಂದು ನನ್ನ ಮೈಮೇಲೆ ‘ಮೌ’ ಎಂದು ಬರೆದ. ಐದು ವರ್ಷ ದುಡಿದೆ. ಸವೆದೆ. ತೆಗೆದ.

ಸವೆದ ಬೇರಿಂಗನ್ನು ಸುತ್ತಿಗೆಯಿಂದ ಒಡೆದೇ ಗುಜರಿಗೆ ಕೊಡುವುದು ಅವನ ಪದ್ಧತಿ. “ಹೆಣಾ ಎದ್ದು ಬರಬಾರದು” ಎನ್ನುತ್ತಿದ್ದ. ಆದರೆ ಗುಜರಿಯವನು ಬಂದದ್ದು ಆಯುಧಪೂಜೆಯ ದಿನ. ಸುತ್ತಿಗೆ ಕುಂಕುಮ, ಚೆಂಡುಹೂವು ಹೊತ್ತು ಪೂಜೆಗೆ ಕೂತಿತ್ತು. “ಇವತ್ತ ಅದನ್ನ ಎತ್ತಬಾರದು” ಎಂದು ಮೌನೇಶಪ್ಪ ನನ್ನನ್ನು ಇಡಿಯಾಗಿ ಕೊಟ್ಟುಬಿಟ್ಟ.

ಗುಜರಿಯಿಂದ ನಾನು ಹೋದದ್ದು ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ. ಥೂ, ಆ ಅಂಗಡಿಯವನ ಕೈಗಳೇ! ಸೀಮೆಎಣ್ಣೆಯಲ್ಲಿ ತೊಳೆದ, ಪಾಲಿಶ್ ಹೊಡೆದ, ಬಾಯಿಗೆ ಮುಚ್ಚಳದಂತೆ ಅಗ್ಗದ ರಬ್ಬರ್ ಸೀಲು ಹಚ್ಚಿದ. ಸಪ್ಪಳ ಕೇಳದಂತೆ ಹೊಟ್ಟೆಯ ತುಂಬ ಗ್ರೀಸ್ ತುರುಕಿ, ದೊಡ್ಡ ಕಂಪನಿಯ ಹೆಸರಿನ ಡಬ್ಬಿಯಲ್ಲಿ ಮುಚ್ಚಿದ. ದುಡಿದು ಸುಸ್ತಾದ ಮುದುಕನಿಗೆ ಬಾಸಿಂಗ ಕಟ್ಟಿದಂತಾಯಿತು ನನ್ನ ಪಾಡು.

ಕೊಂಡವನು ಮತ್ತೆ ಮೌನೇಶಪ್ಪನೇ! ಕಿವಿಯ ಹತ್ತಿರ ಹಿಡಿದು ತಿರುಗಿಸಿದ. ‘ನಾನಪ್ಪಾ, ನಿನ್ನ ಹಳಬ!’ ಎಂದು ಕೂಗಬೇಕೆನಿಸಿತು. ಬಾಯ್ತುಂಬ ಗ್ರೀಸ್. ದಾದಾಪೀರನ ಗಾಡಿಗೆ ನನ್ನನ್ನು ಹಾಕಿದ. ಅದು ದಿನವೂ ಹನ್ನೆರಡು ಹೆಂಗಸರನ್ನು ನೂಲಿನ ಮಿಲ್ಲಿಗೆ ಒಯ್ಯುವ ಗಾಡಿ.

ಮೂರನೆಯ ದಿನ ಹೆದ್ದಾರಿಯಲ್ಲಿ ಮೈ ಕಾದು ಸೀಲು ಹರಿಯಿತು, ಗ್ರೀಸ್ ಸೋರಿತು. ಚಕ್ರ ಕಳಚಿದರೆ ಈ ಹೆಂಗಸರ ಗತಿಯೇನು? ಗರಗರ ಎಂದು ಪ್ರಾಣ ಹೋಗುವಂತೆ ಅರಚಿದೆ. ದಾದಾಪೀರ ಹಾಡು ಜೋರು ಮಾಡಿದ!

ಚಕ್ರದ ಮೇಲಿನ ಸೀಟಿನಲ್ಲಿ ದ್ಯಾಮವ್ವ ಕೂತಿದ್ದಳು. ಇಪ್ಪತ್ತು ವರ್ಷ ಮಿಲ್ಲಿನ ಯಂತ್ರಗಳ ನಡುವೆ ದುಡಿದವಳು. “ತಮ್ಮಾ, ನಿಂದರಸು. ಬೇರಿಂಗ್ ಹೋಗೇತಿ.”

“ಮೊನ್ನೆ ಹೊಸಾದು ಹಾಕ್ಸೇನಬೇ. ನನ್ನ ಮುಂದ ಡಬ್ಬಿ ಒಡದಾರ.”

“ರಸ್ತಾದಾಗ ತಿರಗೋದು ಡಬ್ಬೀ ಏನೋ? ನಿಂದರಸು ಅಂದ್ನಿ!”

ನಿಲ್ಲಿಸಿದ. ಚಕ್ರ ಆಗಲೇ ವಾಲಿತ್ತು. ಮುಂದೆ ನೂರು ಮಾರು ದೂರದಲ್ಲಿ ಹೊಳೆಯ ಸೇತುವೆ.

ಫೋನು ಹೋದದ್ದೇ ಮೌನೇಶಪ್ಪ ಓಡಿ ಬಂದು ನನ್ನನ್ನು ಬಿಚ್ಚಿ, ಬಟ್ಟೆಯಿಂದ ಒರೆಸಿದ. ಪಾಲಿಶ್‌ಗೂ ಪೂರ್ತಿ ಅಳಿಯದ ‘ಮೌ’ ಕಂಡಿತು. “ನಂದ ಅಕ್ಷರ ಐತಲ್ಲೋ ಇದು! ಒಡೀಲಾರದ ಬಿಟ್ಟ ತಪ್ಪು ನಂದ.”

ನೆಟ್ಟಗೆ ಆ ಅಂಗಡಿಗೆ ಹೋದ. “ಕಂಪನಿ ಮಾಲು ಸ್ವಾಮಿ” ಎಂದ ಅಂಗಡಿಯವನು, ನಾಚಿಕೆಯಿಲ್ಲದೆ. ಮೌನೇಶಪ್ಪ ಅಂಗಡಿಯ ಮೆಟ್ಟಿಲ ಮೇಲೆಯೇ ನನ್ನನ್ನು ಇಟ್ಟು, ಸುತ್ತಿಗೆ ಎತ್ತಿ ಎರಡು ಹೋಳು ಮಾಡಿದ. ನನಗೆ ನೆಮ್ಮದಿಯಾಯಿತು.

ಈಗ ಅವನ ಗ್ಯಾರೇಜಿನ ಮೂಲೆಯಲ್ಲಿದ್ದೇನೆ. ಈ ವರ್ಷ ಆಯುಧಪೂಜೆಗೆ ಮುಂಚೆಯೇ ಅವನು ಸವೆದ ಬೇರಿಂಗುಗಳನ್ನೆಲ್ಲ ಒಡೆದ. ಆಮೇಲೆ ಸುತ್ತಿಗೆಗೆ ಕುಂಕುಮ ಹಚ್ಚಿದ. ಆ ಅಂಗಡಿಯವನೂ ಬೂದುಗುಂಬಳ ಒಡೆದು, ಸಾಲಾಗಿ ಜೋಡಿಸಿದ ಹೊಸ ಡಬ್ಬಿಗಳಿಗೆ ಪೂಜೆ ಮಾಡಿದನಂತೆ. ಅವುಗಳೊಳಗೆ ಯಾರ್‍ಯಾರು ಬಾಯಿ ಮುಚ್ಚಿಕೊಂಡು ಕೂತಿದ್ದಾರೋ!